ಕಿತ್ತೂರಿಗೆ ಹೊರಟೆವು, ಟೋಲ್‌ನಲ್ಲಿ ಸಿಕ್ಕಿಬಿದ್ದೆವು

ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿ ಬಿಟ್ಟಾಯ್ತು, ಕಿತ್ತೂರಿಗೆ ಹೊರಟಿದ್ದೇವೆ. ಈ ಸಲ ಕೋಟೆ ನೋಡೋಕಲ್ಲ, ಅಲ್ಲಿದ್ದ ಹಳೇ ಟೆಲಿಫೋನ್ ಎಕ್ಸ್‌ಚೇಂಜ್, ಅಂದರೆ ಕರೆ ಜೋಡಿಸೋ ಯಂತ್ರ, ಇದ್ದ ಜಾಗ ಹುಡುಕೋಕೆ. ಹಿಂದಿನ ಸೀಟಿನಲ್ಲಿ ನನ್ನ ಫೈನಲ್ ಇಯರ್ ಹುಡುಗರಿದ್ದಾರೆ. ‘ಸರ್, ಬೆಂಗಳೂರಿನ ಟೆಲಿಕಾಂ ರಿಸರ್ಚ್ ಬಿಟ್ಟು ಇಲ್ಲಿ ಪಾಠ ಮಾಡಾಕ ಯಾಕ ಬಂದ್ರಿ?’ ಅಂತ ಕೇಳುತ್ತಿದ್ದಾರೆ. ಹೇಳುತ್ತೇನೆ, ಮೊದಲು ಈ ಟೋಲ್ ನೋಡಿ.

ಸ್ಕ್ಯಾನರ್ ನಮ್ಮ ಫಾಸ್ಟ್ಯಾಗ್ ಓದುತ್ತಿಲ್ಲ. ಟ್ಯಾಗ್ ಸರಿ ಇದೆ, ಅದರಲ್ಲಿ ದುಡ್ಡೂ ಇದೆ, ಆದರೂ ಡಬಲ್ ಕ್ಯಾಶ್ ಕೊಡಿ ಅನ್ನುತ್ತಾರೆ. ಯಾಕೆ ಕೊಡಬೇಕು? ಅವರ ಯಂತ್ರವೇ ಕೈಕೊಟ್ಟರೆ ಗಾಡಿಯನ್ನು ಪುಕ್ಕಟೆ ಬಿಟ್ಟು ಸೊನ್ನೆ ರೂಪಾಯಿ ರಸೀದಿ ಕೊಡಬೇಕು ಅಂತ ನಿಯಮವೇ ಇದೆ. ಈ ಟ್ಯಾಗಿನಲ್ಲಿ ಬ್ಯಾಟರಿ ಇರಲ್ಲ. ಮೇಲಿನ ಆಂಟೆನಾ ಕಳಿಸೋ ರೇಡಿಯೋ ಅಲೆಯಿಂದಲೇ ಶಕ್ತಿ ತಗೊಂಡು ಉತ್ತರ ಕೊಡುತ್ತದೆ, ಆಂಟೆನಾ ಸೋತರೆ ಎಂಥ ಟ್ಯಾಗೂ ಮೂಕ. ಇಷ್ಟು ಹೇಳುವಷ್ಟರಲ್ಲಿ ಹಿಂದೆ ಹಾರನ್ ಶುರು. ಕೊನೆಗೆ ಕೈಯಲ್ಲಿ ಹಿಡಿಯೋ ರೀಡರ್ ತಂದರು, ಒಂದೇ ಸಲಕ್ಕೆ ಓದಿತು! ಮೊದಲೇ ತರಬಹುದಿತ್ತು ಅಲ್ವಾ? ಸಿಟ್ಟು ಬರುತ್ತದೆ.

ಇಂಥ ಸಾಲು ಕಂಡರೆ ನನಗೆ ಎರ್ಲಾಂಗ್ ನೆನಪಾಗುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ. ಇಷ್ಟು ಕರೆ ಬಂದರೆ ಎಷ್ಟು ಲೈನ್ ಬೇಕು ಅನ್ನೋ ಲೆಕ್ಕವನ್ನು 1917ರಲ್ಲೇ ಕೊಟ್ಟರು. ಟೋಲಿನಲ್ಲಿ ಕಾಯಬಹುದು, ಆ ಲೆಕ್ಕದ ಫೋನಿನಲ್ಲಿ ಕಾಯೋದೂ ಇಲ್ಲ, ಲೈನ್ ಖಾಲಿ ಇಲ್ಲದಿದ್ದರೆ ಕರೆ ಅಲ್ಲಿಗೇ ಮುಗೀತು. ನಾನು ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಬರೆಯುವಾಗ ಇದನ್ನು ಬಿಟ್ಟು ಒಂದು ಹೆಜ್ಜೆ ಇಡೋಕಾಗುತ್ತಿರಲಿಲ್ಲ.

ಹಾಂ, ಕಿತ್ತೂರು ಬಂತು! 1984ರಲ್ಲಿ ಹುಟ್ಟಿದ ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾಗಿದ್ದು ಇದೇ ಊರಿನಲ್ಲಿ. ರಾಕ್ಸ್ (RAX, ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್) ಅಂತ ಹೆಸರು, 128 ಪೋರ್ಟ್, ಅಂದರೆ ಲೈನ್ ಸಿಕ್ಕಿಸೋ 128 ಜಾಗ. ಹೊರಗಿನಿಂದ ಬರುತ್ತಿದ್ದ ಎಕ್ಸ್‌ಚೇಂಜ್‌ಗಳಿಗೆ ಎಸಿ ರೂಮು ಬೇಕಿತ್ತು, ನಮ್ಮ ಹಳ್ಳಿಗಳಲ್ಲಿ ಅದೆಲ್ಲಿಂದ ತರೋದು? ಇದು ಎಸಿ ಇಲ್ಲದೆ, ಬಿಸಿಲಲ್ಲಿ, ಧೂಳಲ್ಲಿ ನಡೆಯಿತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ರಿಸರ್ಚ್ ಬೇರೆ ಇಲ್ಲ. ಸರಿ, ಇದೆ, ಮೊಬೈಲೂ ದೊಡ್ಡದೇ. ಆದರೆ ನಮ್ಮ ಊರುಗಳಿಗೆ ಮೊದಲು ಮಾತು ತಂದಿದ್ದು ಇದು.

ಯಾಕೆ ಬಂದೆ ಅಂದ್ರಲ್ಲ? ಬೆಂಗಳೂರಿನ ಎಸಿ ಲ್ಯಾಬಿನಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿಯ ಕ್ಲಾಸಿನಲ್ಲಿ ಮೊದಲು ಬರುತ್ತದೆ: ‘ಸರ್, ಕರೆಂಟ್ ಹೋದ್ರ ಏನ್ ಮಾಡೂದ್ರೀ?’ ಅಲ್ಲಿಂದಲೇ ಪಾಠ ಶುರು ಮಾಡಬಹುದು. ಬ್ಯಾಟರಿ, ಬಿಸಿ, ಯಂತ್ರದೊಳಗಿನ ಕೆಟ್ಟ ಸರ್ಕ್ಯೂಟ್ ಕಾರ್ಡ್ ಬದಲಿಸೋದು, ಎಲ್ಲಾ ಅದರ ಹಿಂದೆ ಬರುತ್ತದೆ. ನನಗೆ ಈ ಕೆಲಸವೇ ಇಷ್ಟ.

ಅರೇ, ಹುಡುಗರು ಆಗಲೇ ಇಳಿದು ಚಹಾದಂಗಡಿಯಲ್ಲಿ ಹಳೇ ಟೆಲಿಫೋನ್ ಆಫೀಸ್ ಎಲ್ಲಿತ್ತು ಅಂತ ವಿಚಾರಿಸುತ್ತಿದ್ದಾರೆ. ಬನ್ನಿ, ಬೇಗ ಬನ್ನಿ, ಕ್ಯಾಮೆರಾ ತಗೊಂಡು ನಾನೂ ಓಡುತ್ತೇನೆ.