ಒಂದು ಕಾಯಿ ಬಳ್ಳಿಯಲ್ಲೇ ಬಿಡಿ, ಮಾರಾಯ್ರೇ

ನಮಸ್ಕಾರ. ಅಂಕೋಲೆಯ ನಮ್ಮ ಹಿತ್ತಿಲಲ್ಲೇ ನಿಂತು ಮಾತಾಡುತ್ತಿದ್ದೇನೆ. ಹಿಂದೆ ಕಾಣುವುದು ಹೀರೆ ಚಪ್ಪರ. ಇವತ್ತು ಬಸಳೆ ಬಗ್ಗೆ ವಿಡಿಯೊ ಮಾಡುವವಳಿದ್ದೆ. ಆದರೆ ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ. ನಿದ್ದೆ ಬರಲಿಲ್ಲ.

ಚೌತಿ ವಿಡಿಯೊ ನೋಡಿದ್ದೀರಿ ಅಲ್ವಾ? ಗಣಪತಿಯ ಮೇಲೆ ಫಲಾವಳಿ ಕಟ್ಟಿದ್ದು, ಹೀರೆ, ಪಡವಲ, ಹಾಗಲ, ಮುಳ್ಳುಸೌತೆ ಎಲ್ಲ ನಮ್ಮ ಹಿತ್ತಿಲದ್ದೇ. ಅದರಲ್ಲಿ ಕೆಂಪು ದಾರ ಕಟ್ಟಿದ ಒಂದು ಹೀರೆಕಾಯಿ ತೋರಿಸಿದ್ದೆ. ಇದನ್ನು ಗಣಪತಿಗೂ ಕೊಯ್ಯುವುದಿಲ್ಲ, ಬೀಜಕ್ಕೆ ಬಿಟ್ಟಿದ್ದು ಅಂತ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಇಪ್ಪತ್ತು ರೂಪಾಯಿಗೆ ಬೀಜದ ಪ್ಯಾಕೆಟ್ ಸಿಗುತ್ತದೆ. ಒಳ್ಳೆ ಕಾಯಿ ಯಾಕೆ ಹಾಳು ಮಾಡುತ್ತೀರಿ?"

ಹಾಳು! ಆ ಒಂದು ಕಾಯಿಯೊಳಗೆ ಮುಂದಿನ ಮಳೆಗಾಲದ ಪೂರ್ತಿ ಚಪ್ಪರ ಇದೆ. ನಮ್ಮ ಮನೆಗೆ ಬೇಕಾದಷ್ಟು ಬೀಜ ಇಟ್ಟುಕೊಂಡು, ಅಕ್ಕಪಕ್ಕದ ಹತ್ತು ಮನೆಗೆ ಕೊಡಬಹುದು. ಹಾಳಾಗುವುದು ಅದಲ್ಲ. ದಾರ ಕಟ್ಟದೆ ಎಲ್ಲಾ ಕಾಯಿ ಕೊಯ್ದು ತಿಂದು, ಮೇ ತಿಂಗಳಲ್ಲಿ ಅಂಗಡಿ ಮುಂದೆ ಹೋಗಿ ನಿಲ್ಲುವುದಿದೆಯಲ್ಲ, ಅದು ಹಾಳು.

ಆ ಪ್ಯಾಕೆಟ್ ಕಥೆ ನನಗೂ ಗೊತ್ತು. ಮೂರು ವರ್ಷದ ಹಿಂದೆ ಒಂದು ಅಂಗಡಿಯಿಂದ ಹೀರೆ ಬೀಜ ತಂದಿದ್ದೆ. ಮೊದಲ ವರ್ಷ ಚೆನ್ನಾಗೇ ಬಂತು, ಸುಳ್ಳು ಹೇಳುವುದಿಲ್ಲ. ಅದರದ್ದೇ ಬೀಜ ಇಟ್ಟು ಮರುವರ್ಷ ಹಾಕಿದೆ. ಒಂದು ಬಳ್ಳಿಯಲ್ಲಿ ಉದ್ದ ಕಾಯಿ, ಇನ್ನೊಂದರಲ್ಲಿ ಗಿಡ್ಡ, ಮೂರನೆಯದು ಬಾಯಿಗಿಡಲಾರದಷ್ಟು ಕಹಿ. ಕಹಿ ಹೀರೆ ತಿನ್ನಲೇಬೇಡಿ, ಹೊಟ್ಟೆ ಕೆಡುತ್ತದೆ. ಆಮೇಲೆ ಪ್ಯಾಕೆಟ್ ತಿರುಗಿಸಿ ನೋಡಿದರೆ ಎಫ್‌1 ಅಂತ ಇತ್ತು. ಅಂದರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ. ಅದರ ಬೀಜದಲ್ಲಿ ಗುಣ ಒಡೆದುಹೋಗುತ್ತದೆ, ತಾಯಿಯ ಹಾಗೆ ಮಗಳು ಬರುವುದಿಲ್ಲ. ಪ್ರತಿ ವರ್ಷ ಮತ್ತೆ ದುಡ್ಡು ಕೊಟ್ಟು ತರಬೇಕು. ನಮ್ಮ ಊರ ತಳಿ ಹಾಗಲ್ಲ.

ನಮ್ಮಮ್ಮನ ಮನೆ ಶಿರಸಿ ಕಡೆ. ಅಮ್ಮ ಸೌತೆ ಬೀಜವನ್ನು ಒಲೆಯ ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ತಟ್ಟಿಬಿಡುತ್ತಿದ್ದಳು. ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ರೋಹಿಣಿ ಮಳೆ ಹತ್ತಿರ ಬಂದಾಗ ಕೆರೆದು ತೆಗೆದು ಹಾಕುವುದು. ಹೀರೆಯಾದರೆ ಇನ್ನೂ ಸುಲಭ. ಕಾಯಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಬೇಕು. ಹಾಗೇ ಇಡೀ ಕಾಯಿ ಒಲೆ ಮೇಲೆ ತೂಗುಹಾಕಿದರೆ ಮುಗಿಯಿತು. ಗ್ಯಾಸ್ ಒಲೆ ಇದ್ದವರು ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ.

ಆದರೆ ಒಂದು ಮಾತು. ಬಳ್ಳಿ ಸೋತ ಮೇಲೆ ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡಬೇಡಿ. ಮೊದಲ ನಾಲ್ಕೈದು ಕಾಯಿಯಲ್ಲಿ ಯಾವುದು ಚೆಂದ ಇದೆಯೋ, ಯಾವುದನ್ನು ನೋಡಿದರೆ ಕೊಯ್ಯಬೇಕು ಅಂತ ಕೈ ತುರಿಸುತ್ತದೆಯೋ, ಅದಕ್ಕೇ ದಾರ ಕಟ್ಟಿ. ನಮ್ಮ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೆಲಸ ಮಾಡಿದವರು. ಯಾವ ಮರದ ಬೀಜ ತಂದರೆ ಸಸಿ ಗಟ್ಟಿಯಾಗಿ ಬರುತ್ತದೆ ಅಂತ ಕಾಡಲ್ಲಿ ತಾಯಿಮರ ಗುರುತಿಸುತ್ತಿದ್ದರು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡರು. ಇದೇ ಅಂಕೋಲಾ ತಾಲೂಕಿನವರು! ಅವರ ಊರಿನ ಪಕ್ಕದಲ್ಲೇ ಕೂತು ನಾವು ಪ್ಯಾಕೆಟ್ ಹುಡುಕುವುದಾ?

"ಹೈಬ್ರಿಡ್ ಜಾಸ್ತಿ ಬಿಡುತ್ತದೆ" ಅನ್ನುತ್ತೀರಿ. ಬಿಡಲಿ. ಮನೆಯಲ್ಲಿ ನಾಲ್ಕು ಜನ, ಕ್ವಿಂಟಲ್ ಹೀರೆ ಏನು ಮಾಡುತ್ತೀರಿ? ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಇಷ್ಟು ನೀರಲ್ಲಿ ನಿಂತು ಕಾಯಿ ಕೊಟ್ಟ ಬಳ್ಳಿಯ ಬೀಜಕ್ಕಿಂತ ಬೇರೆ ಯಾವ ಬೀಜ ಬೇಕು ನಿಮಗೆ?

"ಮಂಗನ ಕಾಟ" ಅಂತ ಇನ್ನೊಬ್ಬರು. ಮಂಗ ನಮ್ಮಲ್ಲೂ ಬರುತ್ತದೆ, ನವಿಲೂ ಬರುತ್ತದೆ. ಅದಕ್ಕೇ ನೆರೆಮನೆಗೂ ಬೀಜ ಕೊಡಿ ಅನ್ನುವುದು. ನಿಮ್ಮಲ್ಲಿ ಹೋದರೆ ಅವರಲ್ಲಿ ಇರುತ್ತದೆ. "ಹಾಗೆ ಹಂಚುವುದು ಕಾನೂನಿಗೆ ವಿರುದ್ಧ" ಅಂತ ಬರೆದವರೂ ಇದ್ದಾರೆ. ಸುಮ್ನೆ ಹೆದರಿಸಬೇಡಿ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲೇ ಇದೆ: ರೈತ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು. ಬ್ರ್ಯಾಂಡ್ ಹಾಕದೆ ಮಾರಲೂಬಹುದು. ಶಿರಸಿಯಲ್ಲಿ ವನಸ್ತ್ರೀ ಅಂತ ಬೀಜ ಉಳಿಸುವವರ ಗುಂಪಿದೆ, ಅದರ ಹೆಂಗಸರು ಹಿತ್ತಿಲ ಬೀಜ ಹಂಚಿಕೊಳ್ಳುತ್ತಾ ಬಂದದ್ದು ಒಂದೆರಡು ವರ್ಷದಿಂದ ಅಲ್ಲ.

ಜಾಗ ಇಲ್ಲದವರು ಅಲಸಂದೆ ಹಾಕಿ. ಕಿಟಕಿ ಸರಳಿಗೆ ಹಬ್ಬುತ್ತದೆ. ಅದರ ಹೂ ತನ್ನೊಳಗೇ ಕೂಡಿಕೊಳ್ಳುವುದರಿಂದ ತಳಿ ಬೆರಕೆ ಆಗುವುದೂ ಕಡಿಮೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಮೊಗೆಕಾಯಿ, ಅಂದರೆ ಸಾಂಬಾರಿನ ಸೌತೆ, ಅದರ ಪಕ್ಕ ಮಾತ್ರ ಕರಬೂಜದ ಹಾಗಿನ ಇಬ್ಬುಡ್ಲ ಹಾಕಬೇಡಿ, ಅವೆರಡೂ ಒಂದೇ ಜಾತಿ, ಬೆರೆತುಬಿಡುತ್ತವೆ.

ನನ್ನ ಹತ್ತಿರ ಹಾಲುಬೆಂಡೆ, ಕೆಂಪು ಹರಿವೆ, ಅಲಸಂದೆ ಬೀಜ ಇದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿದವರಿಗೆ ಮೇ ತಿಂಗಳಲ್ಲಿ ಕಳಿಸುತ್ತೇನೆ, ದುಡ್ಡು ಬೇಡ. ಆದರೆ ನೀವು ದಾರ ಕಟ್ಟಿದ ಕಾಯಿಯ ಫೋಟೊ ಹಾಕಬೇಕು. ಫೋಟೊ ಇಲ್ಲದಿದ್ದರೆ ಬೀಜ ಇಲ್ಲ. ಕೆಂಪು ದಾರವೇ ಆಗಬೇಕೆಂದಿಲ್ಲ, ಬಾಳೆನಾರಾದರೂ ಆದೀತು. ಕಟ್ಟಿ ಅಷ್ಟೇ. ಇವತ್ತೇ ಕಟ್ಟಿ. ಬಸಳೆ ವಿಡಿಯೊ ಮುಂದಿನ ವಾರ... ಅಯ್ಯೋ, ಮಳೆ ಬಂತು. ಜಗುಲಿ ಕಟ್ಟೆ ಮೇಲೆ ಬೆಂಡೆ ಬೀಜ ಹರಡಿದ್ದೇನೆ, ಒಳಗಿಡಬೇಕು. ಬರುತ್ತೇನೆ.