ಹೇಗೂ ದುಡ್ಡು ಕೊಡ್ತೀರ, ಮಕ್ಕಳ ಪ್ಲೇಟ್‌ಗೇ ಕೊಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಕಾರ್ ಇನ್ಶೂರೆನ್ಸ್ ಬಗ್ಗೆ ಮಾತಾಡೋದು ಅಂತ ಇತ್ತು, ಅದು ಮುಂದಿನ ವಾರಕ್ಕೆ. ಹೋದ ಸಂಚಿಕೆ ಕೆಳಗೆ ಒಂದು ಕಮೆಂಟು ಬಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. "ಸ್ಪೆಷಲ್ ಪ್ಲೇಟ್ ಅಂದ್ರೆ ಶೋಕಿ ಮಾಡೋರ ಹತ್ರ ಡಿಎಮ್‌ವಿ ದುಡ್ಡು ಕೀಳೋ ದಾರಿ. ಮಕ್ಕಳು ಗಿಕ್ಕಳು ಅನ್ನೋದೆಲ್ಲ ನೆಪ." ಅದಕ್ಕೆ ಲೈಕು ಬೇರೆ ಒತ್ತಿದ್ದಾರೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಅಮೆರಿಕದಲ್ಲಿ ಕಾರಿನ ಸಾದಾ ನಂಬರ್ ಪ್ಲೇಟ್ ಬದಲು ಹೆಚ್ಚು ದುಡ್ಡು ಕೊಟ್ಟು ಬೇಕಾದ ಹೆಸರು, ಚಿಹ್ನೆ ಇರೋ ಪ್ಲೇಟ್ ಹಾಕಿಸಬಹುದು, ಅದೇ ಸ್ಪೆಷಲ್ ಪ್ಲೇಟ್. ಕೆಲವು ಪ್ಲೇಟಿನ ದುಡ್ಡು ಮಕ್ಕಳ ಕೆಲಸಕ್ಕೆ ಹೋಗುತ್ತೆ. ಡಿಎಮ್‌ವಿ ಅಂದ್ರೆ ಪ್ಲೇಟ್ ಕೊಡೋ ರಾಜ್ಯದ ವಾಹನ ಇಲಾಖೆ.

ಮಕ್ಕಳು ಗಿಕ್ಕಳು! ಸರಿ, ಆ ಗಿಕ್ಕಳ ಲೆಕ್ಕಾನೇ ನೋಡೋಣ.

ಕ್ಯಾಲಿಫೋರ್ನಿಯಾದಿಂದ ಶುರು ಮಾಡ್ತೀನಿ, ಈ ಚಾನೆಲ್ ನೋಡೋರಲ್ಲಿ ಅಲ್ಲಿಯವರು ಜಾಸ್ತಿ. ಅಲ್ಲಿ ಕಿಡ್ಸ್ ಪ್ಲೇಟ್ ಅಂತ ಇದೆ. 1992ರ ಕಾನೂನಿನಿಂದ ಬಂದಿದ್ದು. ನಂಬರ್ ಜೊತೆಗೆ ನಾಲ್ಕು ಚಿಹ್ನೆಗಳಲ್ಲಿ ಒಂದು ಇರುತ್ತೆ: ಹೃದಯ, ಪುಟ್ಟ ಅಂಗೈ, ನಕ್ಷತ್ರ, ಇಲ್ಲಾ ಪ್ಲಸ್. ಈ ಪ್ಲೇಟಿನ ದುಡ್ಡು ಡಿಎಮ್‌ವಿ ಖರ್ಚು ಕಳೆದು ಮಕ್ಕಳ ಆರೋಗ್ಯ ಮತ್ತು ಸುರಕ್ಷತೆಯ ನಿಧಿಗೆ ಹೋಗುತ್ತೆ. ಆ ನಿಧಿಯಿಂದ ಏನಾಗುತ್ತೆ? ಮಕ್ಕಳ ಮೇಲಿನ ದೌರ್ಜನ್ಯ ತಡೆಯೋ ಕೆಲಸ. ಕಾರ್ ಸೀಟು, ಸೈಕಲ್ ಸುರಕ್ಷತೆ, ನೀರಲ್ಲಿ ಮುಳುಗದ ಹಾಗೆ ತಡೆಯೋದು, ಇಂಥ ಅಪಘಾತ ತಪ್ಪಿಸೋ ಕೆಲಸ. ಡೇಕೇರ್‌ಗಳ ಲೈಸೆನ್ಸು, ತಪಾಸಣೆ. ನಿಮ್ಮ ಮಗೂನ ಬೆಳಿಗ್ಗೆ ಬಿಟ್ಟು ಆಫೀಸಿಗೆ ಹೋಗ್ತೀರಲ್ಲ, ಅದೇ ಡೇಕೇರ್. ನೆಪ ಅಂತೆ!

ಈಗ ನಾನು ಇವತ್ತು ಹೇಳೋಕೆ ಬಂದ ಒಂದೇ ಮಾತು ಕೇಳಿ. ಸ್ಪೆಷಲ್ ಪ್ಲೇಟ್‌ಗೆ ಹೇಗೂ ದುಡ್ಡು ಕೊಡ್ತೀರ, ಮಕ್ಕಳಿಗೆ ಹೋಗೋ ಪ್ಲೇಟ್‌ಗೇ ಕೊಡಿ. ಕೊಟ್ಟ ಮೇಲೆ ವರ್ಷಾ ವರ್ಷಾ ರಿನ್ಯೂ ಮಾಡಿಸಿ.

ಯುಗಾದಿ, ರಾಜ್ಯೋತ್ಸವ ಅಂತ ಕನ್ನಡ ಕೂಟದ ಕಾರ್ಯಕ್ರಮ ನಡೆಯುವಾಗ ಪಾರ್ಕಿಂಗ್ ಲಾಟ್ ನೋಡಿ. ಮಗಳ ಹೆಸರು, ಮನೆದೇವರ ಹೆಸರು, ಊರ ಹೆಸರು, ಎಲ್ಲಾ ಪ್ಲೇಟ್ ಮೇಲಿದೆ. ತಪ್ಪೇನಿಲ್ಲ, ಚೆನ್ನಾಗಿರುತ್ತೆ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ಸಾದಾ ಹೆಸರಿನ ಪ್ಲೇಟ್‌ಗೆ ಮೊದಲ ಸಲ 50 ಡಾಲರ್ ಆಸುಪಾಸು, ಆಮೇಲೆ ವರ್ಷಕ್ಕೆ 40ರ ಆಸುಪಾಸು. ಅದು ಪರಿಸರದ ನಿಧಿಗೆ ಹೋಗುತ್ತೆ, ಅದೂ ಒಳ್ಳೇದೇ. ಹೆಸರು ಬೇಡ, ಸರ್ಕಾರ ಕೊಟ್ಟ ನಂಬರೇ ಸಾಕು ಅಂದ್ರೆ ಕಿಡ್ಸ್ ಪ್ಲೇಟ್‌ಗೂ ಹತ್ರ ಹತ್ರ ಅಷ್ಟೇ. ಹೆಸರೂ ಬೇಕು, ಹೃದಯಾನೂ ಬೇಕು ಅಂದ್ರೆ ಎರಡೂ ಶುಲ್ಕ ಸೇರಿ ಸುಮಾರು ಎರಡರಷ್ಟಾಗುತ್ತೆ. ಮೊದಲ ವರ್ಷ 50, ಆಮೇಲೆ 40ರ ಲೆಕ್ಕದಲ್ಲಿ ಹತ್ತು ವರ್ಷ ಹಿಡಿದ್ರೆ ಒಂದು ಕಾರಿಂದ 410 ಡಾಲರ್. ರಿನ್ಯೂವಲ್ ಬಿಟ್ಟು ಮೊದಲ ವರ್ಷದ್ದು ಮಾತ್ರ ಅಂದ್ರೆ 50. ದುಡ್ಡು ಎಲ್ಲಿದೆ ಅಂತ ಗೊತ್ತಾಯ್ತಲ್ಲ? ರಿನ್ಯೂವಲ್‌ನಲ್ಲಿದೆ.

"ನೇರವಾಗಿ ದಾನ ಮಾಡಿದ್ರೆ ಪೂರ್ತಿ ದುಡ್ಡು ತಲುಪುತ್ತಲ್ಲ" ಅಂತಾರೆ. ಮಾಡಿ ಸ್ವಾಮಿ, ಯಾರು ಬೇಡ ಅಂದ್ರು? ಎರಡನ್ನೂ ಮಾಡಿ. ಆದ್ರೆ ಈ ಮಾತು ಹೇಳೋರಲ್ಲಿ ಎಷ್ಟು ಜನ ಪ್ರತಿ ವರ್ಷ ತಪ್ಪದೆ ಅದೇ ತಿಂಗಳು ಕೊಡ್ತಾರೆ? ನೋಂದಣಿ ನವೀಕರಣದ ಬಿಲ್ ಮಾತ್ರ ಯಾರನ್ನೂ ಬಿಡಲ್ಲ. ಅದರ ಜೊತೆಗೇ ಮಕ್ಕಳ ದುಡ್ಡೂ ಸೇರಿ ಹೋಗುತ್ತೆ. ಯಾರೂ ಫೋನ್ ಮಾಡಿ ಕೇಳಬೇಕಿಲ್ಲ, ಚಂದಾ ಬುಕ್ ಹಿಡ್ಕೊಂಡು ಬರಬೇಕಿಲ್ಲ. ತಾವೂ ಕೊಡಲ್ಲ, ಕೊಡೋರನ್ನೂ ಬಿಡಲ್ಲ, ಅಂಥವರ ಮಾತು ಕಟ್ಕೊಂಡು ಏನಾಗಬೇಕು!

ಬೇರೆ ರಾಜ್ಯದವರು ಕಾಯ್ತಿದ್ದೀರ. ಟೆಕ್ಸಾಸ್‌ನಲ್ಲಿ ಸಂಸ್ಥೆಗಳ ಪ್ಲೇಟ್‌ಗೆ ವರ್ಷಕ್ಕೆ 30 ಡಾಲರ್. ಅದರಲ್ಲಿ 22 ಸಂಸ್ಥೆಗೆ, 8 ರಾಜ್ಯಕ್ಕೆ. ಗರ್ಲ್ ಸ್ಕೌಟ್ಸ್, 4-ಎಚ್, ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್, ಇಂಥ ಮಕ್ಕಳ ಸಂಸ್ಥೆಗಳ ಪ್ಲೇಟ್‌ಗಳು ಅಲ್ಲಿವೆ. ವರ್ಜೀನಿಯಾದಲ್ಲಿ ಕಿಡ್ಸ್ ಫಸ್ಟ್ ಅಂತ ಇದೆ, ವರ್ಷಕ್ಕೆ 25. ಅಲ್ಲೊಂದು ನಿಯಮ ನೋಡಿ: ಆದಾಯ ಹಂಚ್ಕೊಳ್ಳೋ ಪ್ಲೇಟ್‌ಗಳಲ್ಲಿ ಮೊದಲ 1,000 ಪ್ಲೇಟಿನ ದುಡ್ಡು ರಾಜ್ಯಕ್ಕೆ, ಅದು ದಾಟಿದ ಮೇಲೆ ಪ್ರತಿ ಪ್ಲೇಟಿಂದ 15 ಡಾಲರ್ ನಿಧಿಗೆ. ಅಂದ್ರೆ ಆಗಲೇ ಓಡ್ತಿರೋ ಮಕ್ಕಳ ಪ್ಲೇಟ್ ತಗೊಂಡ್ರೆ ನಿಮ್ಮ 15 ಡಾಲರ್ ಮೊದಲ ವರ್ಷದಿಂದಲೇ ಮಕ್ಕಳಿಗೆ. ಹೊಸದಾಗಿ ಬಂದ ಅಪರೂಪದ ಪ್ಲೇಟ್ ತಗೊಂಡ್ರೆ, ಸಾವಿರ ದಾಟೋವರೆಗೆ ಸಂಸ್ಥೆಗೆ ಸೊನ್ನೆ. ಆರ್ಡರ್ ಮಾಡೋ ಮುಂಚೆ ನಿಮ್ಮ ರಾಜ್ಯದ ಪಾಲು ಎಷ್ಟು ಅಂತ ನೋಡ್ಕೊಳ್ಳಿ. ಎಲ್ಲಾ ಕಡೆ ಬರೆದಿರ್ತಾರೆ, ಯಾರೂ ಓದಲ್ಲ ಅಷ್ಟೇ.

ಫ್ಲಾರಿಡಾದ ಕಥೆ ಇನ್ನೂ ಗಟ್ಟಿ. 2020ರ ಕಾನೂನಿನ ಪ್ರಕಾರ ಸ್ಪೆಷಲ್ ಪ್ಲೇಟ್‌ಗಳು ಒಟ್ಟು 150ಕ್ಕಿಂತ ಜಾಸ್ತಿ ಇರಬಾರದು. ಹೊಸದೊಂದು ಬರಬೇಕಾದ್ರೆ 3,000 ಜನ ಮೊದಲೇ ದುಡ್ಡು ಕಟ್ಟಿರಬೇಕು. ಬಂದ ಮೇಲೂ ಬಹುತೇಕ ಪ್ಲೇಟ್‌ಗಳಿಗೆ ಅದೇ ಕತ್ತಿ: ಸತತ 12 ತಿಂಗಳು 3,000ಕ್ಕಿಂತ ಕೆಳಗೆ ಇಳಿದ್ರೆ ಆ ಪ್ಲೇಟನ್ನೇ ನಿಲ್ಲಿಸ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಪ್ಲೇಟ್‌ಗೆ ದುಡ್ಡು ಕಟ್ಟಿದ 7,500 ಅರ್ಜಿ ಬೇಕು. ಈಗ ಹೇಳಿ, ನೀವು "ಈ ವರ್ಷ ಬೇಡ ಬಿಡು" ಅಂತ ಹಳೇ ಪ್ಲೇಟ್‌ಗೆ ಹೋದ್ರೆ ಅದು ನಿಮ್ಮೊಬ್ಬರ ದುಡ್ಡಿನ ಪ್ರಶ್ನೆ ಮಾತ್ರಾನಾ? ಅಲ್ಲ. ಫ್ಲಾರಿಡಾದಲ್ಲಿ 3,000ದ ಅಂಚಿನಲ್ಲಿರೋ ಪ್ಲೇಟ್ ಆದ್ರೆ, ನಿಮ್ಮಂಥ ನಾಲ್ಕು ನೂರು ಜನ ಹಂಗೆ ಮಾಡಿದ್ರೆ ಇಡೀ ಪ್ಲೇಟೇ ಹೋಗಬಹುದು. ಅದಕ್ಕೇ ಬಡ್ಕೋತಿರೋದು, ರಿನ್ಯೂ ಮಾಡಿಸಿ ಅಂತ.

ಈಗ ಕೈಗೆ ಸಿಗೋ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಕಾಗದದ್ದು ಬೇಕಾದ್ರೆ ಆರ್‌ಇಜಿ 17 ಫಾರ್ಮು. ಹೆಸರಿನ ಪ್ಲೇಟ್ ಆದ್ರೆ ಮೂರು ಆಯ್ಕೆ ಕೊಡಿ, ಅರ್ಥ ಬರೀರಿ. ಕನ್ನಡದವರು ಎಡವೋದು ಇಲ್ಲೇ. ಅರ್ಥದ ಜಾಗದಲ್ಲಿ "ಹೆಸರು" ಅಂತ ಒಂದೇ ಪದ ಗೀಚಿ ಬಿಡ್ತಾರೆ. ಪರಿಶೀಲಿಸೋರಿಗೆ ಕನ್ನಡ ಬರಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು ಇಂಗ್ಲಿಷಲ್ಲೋ ಸ್ಪ್ಯಾನಿಷಲ್ಲೋ ಕೆಟ್ಟದಾಗಿ ಓದಿಸಿಕೊಂಡ್ರೆ ತಿರಸ್ಕಾರ. "ಕರ್ನಾಟಕದ ನದಿಯ ಹೆಸರು, ಮಗಳಿಗೆ ಇಟ್ಟಿದ್ದು" ಅಂತ ಪೂರ್ತಿ ಬರೀರಿ. ಚಿಹ್ನೆಯೂ ಅಕ್ಷರಗಳ ನಡುವೆ ಒಂದು ಜಾಗ ಹಿಡಿಯುತ್ತೆ, ಆ ಲೆಕ್ಕ ಇಟ್ಕೊಂಡೇ ಹೆಸರು ಆರಿಸಿ.

ಪ್ಲೇಟ್ ಬಂತು. 12 ಇಂಚು ಅಗಲ, 6 ಇಂಚು ಎತ್ತರ, ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಮುಂದೆ ಎರಡೂ ಬೇಕು. ಟೊಯೋಟಾ, ಹೋಂಡಾ ಇದ್ರೆ ಎಮ್6 ಸ್ಕ್ರೂ. ಅಮೆರಿಕನ್ ಗಾಡಿಗಳಿಗೆ ಸಿಗೋ ಕಾಲಿಂಚಿನ ದಪ್ಪ ಸ್ಕ್ರೂ ಅದಕ್ಕೆ ಬಲವಂತವಾಗಿ ತಿರುಗಿಸಿದ್ರೆ ಒಳಗಿನ ಥ್ರೆಡ್ ಕಿತ್ತು ಹೋಗುತ್ತೆ. ಸ್ಟೇನ್‌ಲೆಸ್ ಸ್ಟೀಲಿಂದೇ ತಗೊಳ್ಳಿ, ಇಲ್ಲಾಂದ್ರೆ ತುಕ್ಕು ಹಿಡಿದು ಮುಂದಿನ ಸಲ ಬಿಚ್ಚೋಕೇ ಬರಲ್ಲ. ನೋಂದಣಿಯ ಸ್ಟಿಕರ್ ಹಿಂದಿನ ಪ್ಲೇಟ್‌ಗೆ: ತಿಂಗಳಿಂದು ಎಡಗಡೆ ಮೇಲೆ, ವರ್ಷದ್ದು ಬಲಗಡೆ ಮೇಲೆ. ಅಂಟಿಸೋ ಮುಂಚೆ ಆ ಮೂಲೆ ಒರೆಸಿ ಒಣಗಿಸಿ. ಡೀಲರ್ ಕೊಟ್ಟ ದಪ್ಪ ಫ್ರೇಮ್ ಆ ಸ್ಟಿಕರ್ ಮುಚ್ಚಿದ್ರೆ ಪೊಲೀಸರು ನಿಲ್ಲಿಸ್ತಾರೆ, ಆಮೇಲೆ "ಕಿಡ್ಸ್ ಪ್ಲೇಟ್ ಹಾಕಿದ್ದಕ್ಕೆ ದಂಡ ಬಿತ್ತು" ಅಂತ ಬೈಕೋತಾ ಬರ್ತೀರ. ಫ್ರೇಮ್ ತೆಗೀರಿ.

ಅದೇ ದಿನ ಟೋಲ್ ಖಾತೆ, ಇನ್ಶೂರೆನ್ಸ್, ಆಫೀಸಿನ ಪಾರ್ಕಿಂಗ್, ಎಲ್ಲಾ ಕಡೆ ನಂಬರ್ ಬದಲಾಯಿಸಿ. ಟೋಲ್ ಕ್ಯಾಮೆರಾಗೆ ಸಿಗೋದು ಹೊಸ ಪ್ಲೇಟು, ಖಾತೆಯಲ್ಲಿರೋದು ಹಳೇದು ಅಂದ್ರೆ ಮನೆಗೆ ನೋಟಿಸ್ ಗ್ಯಾರಂಟಿ. ಪಾರ್ಕಿಂಗ್ ಆ್ಯಪ್‌ನಲ್ಲಿ ಹೃದಯ ಟೈಪ್ ಮಾಡೋಕೆ ಬರಲ್ಲ, ನೋಂದಣಿ ಕಾರ್ಡ್‌ನಲ್ಲಿ ಹೇಗೆ ಮುದ್ರಿಸಿದ್ದಾರೆ ನೋಡಿ ಹಂಗೇ ಹಾಕಿ. ಕಾರ್ ಮಾರುವಾಗ ಪ್ಲೇಟ್ ಬಿಚ್ಕೊಳ್ಳಿ. ಅದು ಕಾರಿನದ್ದಲ್ಲ, ನಿಮ್ಮದು. ಹೊಸ ಕಾರಿಗೆ ವರ್ಗಾಯಿಸಿ. ಬಹಳ ಜನ ಇಲ್ಲೇ ಕೈಬಿಡೋದು, ಮಕ್ಕಳ ದುಡ್ಡು ನಿಲ್ಲೋದೂ ಇಲ್ಲೇ.

"ಬೆಂಗಳೂರಲ್ಲೂ ಇಂಥದ್ದು ಯಾಕಿಲ್ಲ" ಅಂತ ಕೇಳ್ತಾರೆ. ಅಲ್ಲಿ ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಇದೆ: ಅಶೋಕ ಚಕ್ರದ ಹಾಲೊಗ್ರಾಮ್, ಲೇಸರ್ ನಂಬರ್, ಬಿಚ್ಚೋಕೆ ಬಾರದ ಸ್ನ್ಯಾಪ್ ಲಾಕ್. ಹೃದಯ, ನಕ್ಷತ್ರಕ್ಕೆ ಜಾಗ ಇಲ್ಲ, ಇರಲೂಬಾರದು. ಆದ್ರೆ ಆರ್‌ಟಿಓದಲ್ಲಿ ಫ್ಯಾನ್ಸಿ ನಂಬರ್ ಹರಾಜು ನಡೆಯುತ್ತಲ್ಲ, ಲಕ್ಷಗಟ್ಟಲೆ ಕೂಗ್ತಾರಲ್ಲ, ಅದು ಸೀದಾ ಸರ್ಕಾರದ ಬೊಕ್ಕಸಕ್ಕೆ. ಅದರಲ್ಲಿ ಒಂದು ಪಾಲನ್ನ ಮಕ್ಕಳಿಗೆ ಅಂತ ಎತ್ತಿಡೋಕೆ ಪ್ಲೇಟಿನ ಒಂದು ಅಕ್ಷರಾನೂ ಬದಲಾಯಿಸಬೇಕಾಗಿಲ್ಲ. ನಮ್ಮ ಶಾಸಕರು ಯಾರಾದ್ರೂ ಕೇಳಿಸ್ಕೊಳ್ತಿದ್ರೆ, ಸದನದಲ್ಲಿ ಎತ್ತಿ ಸಾರ್.

"ಇಷ್ಟು ಸಣ್ಣ ದುಡ್ಡಿಂದ ಏನಾಗುತ್ತೆ" ಅಂತ ಇನ್ನೊಬ್ಬರು. ಒಂದು ಕಾರ್ ಸೀಟಾಗುತ್ತೆ! ಸಾಲದಾ? ಶೋಕಿ ಅಂತೆ, ನೆಪ ಅಂತೆ. ಶೋಕಿನೇ ಇರಲಿ ಬಿಡಿ ರೀ, ನಿಮ್ಮ ಶೋಕಿಯಿಂದ ಒಂದು ಮಗೂಗೆ ಹೆಲ್ಮೆಟ್ ಬರೋದಾದ್ರೆ ಇನ್ನೂ ನಾಲ್ಕು ಜನ ಶೋಕಿ ಮಾಡಲಿ. ಹೇಗೂ ಕೊಡ್ತೀರ. ಮಕ್ಕಳ ಪ್ಲೇಟ್‌ಗೇ ಕೊಡಿ. ಬಿಡಬೇಡಿ, ರಿನ್ಯೂ ಮಾಡಿಸಿ. ಇನ್ನೆಷ್ಟು ಸಲ ಹೇಳಲಿ?

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲಾಂದ್ರೆ ಆಗಿ, ನಿಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪ್‌ಗೆ ಇದನ್ನ ಕಳಿಸಿ. ನಿಮ್ಮ ರಾಜ್ಯದ ಮಕ್ಕಳ ಪ್ಲೇಟ್ ಯಾವುದು, ಪಾಲು ಎಷ್ಟು, ಕೆಳಗೆ ಬರೀರಿ, ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡ್ತೀನಿ. ಕ್ಯಾಲಿಫೋರ್ನಿಯಾದವರು ಫಾರ್ಮ್ ನಂಬರ್ ಇನ್ನೊಂದ್ಸಲ ಬರ್ಕೊಳ್ಳಿ: ಆರ್‌ಇಜಿ 17.