ಹೆಡ್ ಕೋಚ್ ಪಕ್ಕದಲ್ಲಿ ನಿಂತವರನ್ನು ನೋಡಿ

ನಮಸ್ಕಾರ. ಇವತ್ತು ಅಮೆರಿಕದ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್, ಅಂದರೆ ಬೇಸ್‌ಬಾಲ್ ಥರದ ಆಟದ ಬಗ್ಗೆ ಮಾತಾಡೋಣ. ಆಡುವವರ ಬಗ್ಗೆ ಸ್ವಲ್ಪ, ಆಡಿಸುವವರ ಬಗ್ಗೆ ಜಾಸ್ತಿ. ಅದರಲ್ಲೂ ಟಿವಿಯಲ್ಲಿ ಮುಖ ಕಾಣಿಸದ ಅಸಿಸ್ಟೆಂಟ್ ಕೋಚ್‌ಗಳ ಬಗ್ಗೆ.

ಮೊದಲು ಒಂದು ಸಂಖ್ಯೆ ಹೇಳುತ್ತೇನೆ. 1,035. ಅರಿಜೋನ ಯೂನಿವರ್ಸಿಟಿಯ ಪಿಚರ್ (ನಮ್ಮ ಬೌಲರ್ ಥರ) ಟೇರಿನ್ ಮೊವಾಟ್ 2007ರ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಕಾಲೇಜುಗಳ ರಾಷ್ಟ್ರೀಯ ಕಪ್ ಟೂರ್ನಿಯಲ್ಲಿ, ಹಾಕಿದ ಎಸೆತಗಳು ಇಷ್ಟು. ಒಂದೇ ವಾರ, ಎಂಟು ಮ್ಯಾಚು, 60 ಇನ್ನಿಂಗ್ಸ್ (ಇಲ್ಲಿ ಎದುರಾಳಿಯ ಮೂವರು ಔಟ್ ಆದರೆ ಒಂದು ಇನ್ನಿಂಗ್ಸ್). ಫೈನಲ್‌ನಲ್ಲಿ ಟೆನ್ನೆಸ್ಸಿ ಸೋತಿತು, ಅರಿಜೋನ ಕಪ್ ಗೆದ್ದಿತು. ಆ ಹುಡುಗಿಯ ಛಲಕ್ಕೆ ಎಷ್ಟು ಚಪ್ಪಾಳೆ ತಟ್ಟಿದರೂ ಕಡಿಮೆಯೇ. ಆದರೆ ಈ ಸಂಖ್ಯೆ ಕೇಳಿದಾಗೆಲ್ಲ ನನಗೆ ಒಂದೇ ಯೋಚನೆ. ಒಂದು ತಂಡದಲ್ಲಿ "ಸಾಕು, ಇವಳಿಗೆ ಇವತ್ತು ರೆಸ್ಟ್ ಕೊಡಿ" ಅಂತ ಹೇಳುವ ಕೆಲಸ ಯಾರದು? ಹೇಳಿದರೆ ಕೇಳುವವರು ಯಾರು?

ಬೇಸ್‌ಬಾಲ್‌ನಲ್ಲಿ ಒಬ್ಬ ಸ್ಟಾರ್ಟಿಂಗ್ ಪಿಚರ್ ನೂರು ಎಸೆತ ಹಾಕಿದರೆ ಮುಂದಿನ ನಾಲ್ಕೈದು ದಿನ ಕೂರಿಸುತ್ತಾರೆ. ಸಾಫ್ಟ್‌ಬಾಲ್‌ನಲ್ಲಿ ಹಾಗಿಲ್ಲ. ಅಂಡರ್‌ಆರ್ಮ್ ಅಲ್ವಾ, ಕೈಗೆ ಏನೂ ಆಗಲ್ಲ ಅನ್ನುವ ನಂಬಿಕೆ ಬಹಳ ವರ್ಷ ನಡೆದುಕೊಂಡು ಬಂತು. ಆ ಎಸೆತವನ್ನು ಒಮ್ಮೆ ನಿಧಾನವಾಗಿ ನೋಡಿ. ಕೈ ಪೂರ್ತಿ ಒಂದು ಸುತ್ತು ಸುತ್ತಿ, ಸೊಂಟದ ಹತ್ತಿರ ಬಂದು, ಚೆಂಡನ್ನು ಬಿಡುತ್ತದೆ. ಭುಜಕ್ಕೂ ತೋಳಿನ ಮುಂದಿನ ಸ್ನಾಯುವಿಗೂ ಬೀಳುವ ಹೊರೆ ಸಣ್ಣದಲ್ಲ. ಇದು ಈಗ ಡಾಕ್ಟರುಗಳು ಒಪ್ಪಿರುವ ಮಾತು. ಆದರೂ ಕಾಲೇಜು ಸಾಫ್ಟ್‌ಬಾಲ್ ನಡೆಸುವ ಎನ್‌ಸಿಎಎ ನಿಯಮದಲ್ಲಿ ಒಬ್ಬ ಪಿಚರ್ ಇಷ್ಟೇ ಎಸೆತ ಹಾಕಬೇಕು ಅನ್ನುವ ಮಿತಿ ಇಲ್ಲ. ನಿಯಮ ಇಲ್ಲದ ಕಡೆ ಎಲ್ಲವೂ ಕೋಚ್‌ಗಳ ಮೇಲೆ ನಿಂತಿದೆ. ಅದಕ್ಕೇ ನಾನು ಅಸಿಸ್ಟೆಂಟ್ ಕೋಚ್‌ಗಳ ಬಗ್ಗೆ ಇಷ್ಟು ಹಠ ಹಿಡಿದು ಮಾತಾಡುವುದು.

ಒಂದು ದೊಡ್ಡ ಕಾಲೇಜಿನ ತಂಡದಲ್ಲಿ ಹೆಡ್ ಕೋಚ್ ಇರುತ್ತಾರೆ. ಅವರ ಜೊತೆ ಪಿಚಿಂಗ್ ನೋಡಿಕೊಳ್ಳುವವರು ಒಬ್ಬರು, ಬ್ಯಾಟಿಂಗ್ ನೋಡಿಕೊಳ್ಳುವವರು ಒಬ್ಬರು, ಫೀಲ್ಡಿಂಗ್ ಮತ್ತು ಕ್ಯಾಚರ್‌ಗಳನ್ನು (ನಮ್ಮ ವಿಕೆಟ್ ಕೀಪರ್ ಥರ) ನೋಡಿಕೊಳ್ಳುವವರು ಇನ್ನೊಬ್ಬರು. ಹೊಸ ಹುಡುಗಿಯರನ್ನು ಹುಡುಕಿ ತರುವ ಕೆಲಸ ಇವರೆಲ್ಲರ ಹೆಗಲ ಮೇಲೆ. ಫಿಟ್‌ನೆಸ್‌ಗೆ, ಗಾಯಕ್ಕೆ, ಪ್ರಯಾಣದ ಏರ್ಪಾಟಿಗೆ ಬೇರೆಯವರು ಇರುತ್ತಾರೆ.

ಪಿಚಿಂಗ್ ಕೋಚ್ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕ್ರಿಕೆಟ್‌ನಲ್ಲಿ ಮುಂದಿನ ಬಾಲ್ ಯಾವುದು ಅಂತ ಬೌಲರ್ ಮತ್ತು ಕ್ಯಾಪ್ಟನ್ ತೀರ್ಮಾನಿಸುತ್ತಾರೆ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಬಹುಪಾಲು ತಂಡಗಳಲ್ಲಿ ಪ್ರತಿ ಎಸೆತವನ್ನೂ ಡಗ್‌ಔಟ್‌ನಲ್ಲಿ ಕೂತ ಕೋಚ್ ಹೇಳುತ್ತಾರೆ. ಕೋಚ್ ಒಂದು ನಂಬರ್ ಕೂಗುತ್ತಾರೆ ಅಥವಾ ಬೆರಳಲ್ಲಿ ತೋರಿಸುತ್ತಾರೆ. ಕ್ಯಾಚರ್ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ಮೇಲೆ ಒಂದು ಕೋಷ್ಟಕ ಇರುತ್ತದೆ. ಆ ನಂಬರಿನ ಎದುರು ರೈಸ್ ಬಾಲ್, ಡ್ರಾಪ್, ಕರ್ವ್, ಚೇಂಜ್‌ಅಪ್, ಯಾವುದು, ಒಳಗೋ ಹೊರಗೋ, ಎಲ್ಲ ಬರೆದಿರುತ್ತದೆ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟಿಗೆ 43 ಅಡಿ, ಅಷ್ಟೇ. ಚೆಂಡು ಗಂಟೆಗೆ ನೂರು ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಬರುತ್ತದೆ. ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಹಾಗಾಗಿ ಆ ಎಸೆತ ಯಾವುದು ಅನ್ನುವ ತೀರ್ಮಾನದಲ್ಲೇ ಅರ್ಧ ಮ್ಯಾಚ್ ಇದೆ. ಆ ತೀರ್ಮಾನ ಒಬ್ಬ ಅಸಿಸ್ಟೆಂಟ್ ಕೋಚ್ ಕೈಯಲ್ಲಿ. ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ಈಗ ಓಕ್ಲಹೋಮ ಯೂನಿವರ್ಸಿಟಿಗೆ ಬರೋಣ. ಪ್ಯಾಟಿ ಗ್ಯಾಸೊ ಹೆಸರು ಸಾಫ್ಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. 1995ರಿಂದ ಅಲ್ಲಿ ಹೆಡ್ ಕೋಚ್. ಅವರು ಬಂದ ಹೊಸದರಲ್ಲಿ ತಂಡಕ್ಕೆ ಸ್ವಂತ ಮೈದಾನ ಇರಲಿಲ್ಲ. ನಾರ್ಮನ್ ಊರಿನ ಪಾರ್ಕ್ ಒಂದರಲ್ಲಿ ಆಡುತ್ತಿದ್ದರು. 2000ದಲ್ಲಿ ಮೊದಲ ಕಪ್. ಆಮೇಲೆ 2013, 2016, 2017. ಆಮೇಲೆ 2021ರಿಂದ 2024ರ ತನಕ ಸತತವಾಗಿ ನಾಲ್ಕು. ಸತತ ನಾಲ್ಕು ಕಪ್ ಬೇರೆ ಯಾವ ಕಾಲೇಜೂ ಗೆದ್ದಿಲ್ಲ. 2023ರಲ್ಲಿ ಇಡೀ ವರ್ಷ ಆಡಿ ಒಂದೇ ಒಂದು ಮ್ಯಾಚ್ ಸೋತರು. 61 ಗೆಲುವು, 1 ಸೋಲು.

ಗ್ಯಾಸೊ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಾಲ್ಕು ವರ್ಷ ಅವರ ಪಕ್ಕದಲ್ಲಿ ಯಾರಿದ್ದರು ಅಂತ ನೋಡಿ. ಬ್ಯಾಟಿಂಗ್ ಕೋಚ್ ಅವರ ಮಗ ಜೆ.ಟಿ. ಗ್ಯಾಸೊ. ಅಮ್ಮನ ತಂಡದಲ್ಲಿ ಮಗನಿಗೆ ಕೆಲಸ ಅಂದ ಕೂಡಲೇ ನಮಗೆ ಅನುಮಾನ ಬರುತ್ತದೆ. ಬರಲಿ, ಆ ಅನುಮಾನ ಆರೋಗ್ಯಕರವೇ. ಆದರೆ 2021ರಲ್ಲಿ ಆ ತಂಡ 161 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ರಾಷ್ಟ್ರೀಯ ದಾಖಲೆ ಮಾಡಿತು. ಹವಾಯಿಯ ಹುಡುಗಿ ಜಾಸ್ಲಿನ್ ಅಲೊ ಅದೇ ತಂಡದಲ್ಲಿ ಆಡಿ 122 ಹೋಮ್ ರನ್ ಹೊಡೆದು ಕಾಲೇಜು ಮುಗಿಸಿದರು. ಅದಕ್ಕೂ ಮೊದಲಿನ ದಾಖಲೆ 95. ಇಷ್ಟು ಕೆಲಸ ಕಣ್ಣ ಮುಂದೆ ಇರುವಾಗ ಸಂಬಂಧ ಹಿಡಿದು ಅಳೆಯುವುದು ನ್ಯಾಯ ಅಲ್ಲ.

ಪಿಚಿಂಗ್ ಕೋಚ್ ಜೆನಿಫರ್ ರೋಚಾ. ನನ್ನ ಮಟ್ಟಿಗೆ ಆ ನಾಲ್ಕು ಕಪ್‌ಗಳ ಕಥೆಯಲ್ಲಿ ಕಡಿಮೆ ಹೇಳಿರುವ ಹೆಸರು ಇದು. ಇವರು ಹಿಂದೆ ಓಕ್ಲಹೋಮದಲ್ಲೇ ಪಿಚರ್ ಆಗಿದ್ದವರು. ಆಮೇಲೆ ಫ್ಲಾರಿಡಾ ಯೂನಿವರ್ಸಿಟಿಗೆ ಪಿಚಿಂಗ್ ಕೋಚ್ ಆಗಿ ಹೋದರು. ಆ ತಂಡ 2014, 2015 ಎರಡೂ ವರ್ಷ ಗೆದ್ದಿತು. ಅಲ್ಲಿಂದ ಓಕ್ಲಹೋಮಕ್ಕೆ ವಾಪಸ್ ಬಂದರು.

ಅವರ ಕಾಲದ ಪಿಚರ್‌ಗಳನ್ನು ನೋಡಿ. 2022ರಲ್ಲಿ ಜಾರ್ಡಿ ಬಾಲ್ ಅನ್ನುವ ಮೊದಲ ವರ್ಷದ ಹುಡುಗಿ ಇಡೀ ದೇಶದ ಗಮನ ಸೆಳೆದಿದ್ದರು. ಸೀಸನ್ ಕೊನೆಗೆ ಬರುವಾಗ ಅವರ ಕೈ ನೋಯಲು ಶುರುವಾಯಿತು. ಕಪ್ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವಾಗ ಅವರನ್ನು ವಾರಗಟ್ಟಲೆ ಕೂರಿಸಿದರು. ಹೋಪ್ ಟ್ರೌಟ್‌ವೈನ್ ಮತ್ತು ನಿಕೋಲ್ ಮೇ ಹೊರೆ ಹೊತ್ತರು. ಬಾಲ್ ಕೊನೆಯ ಟೂರ್ನಿಗೆ ಬಂದು ಅಳತೆ ಮಾಡಿ ಕೊಟ್ಟಷ್ಟೇ ಹಾಕಿದರು. ತಂಡ ಗೆದ್ದಿತು. ಮಾರನೇ ವರ್ಷ ಅದೇ ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಒಂದೂ ರನ್ ಬಿಟ್ಟುಕೊಡಲಿಲ್ಲ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಆದರು. ಹಿಂದಿನ ವರ್ಷ ಅವರನ್ನು ಸುಮ್ನೆ ಕೂರಿಸಿದ್ದಲ್ಲ. ಅವರಿಲ್ಲದಿದ್ದರೂ ಆಡಬಲ್ಲ ಇನ್ನಿಬ್ಬರು ಪಿಚರ್‌ಗಳು ತಯಾರಾಗಿದ್ದರಿಂದ ಕೂರಿಸಲು ಸಾಧ್ಯವಾಯಿತು. ಆ ಇನ್ನಿಬ್ಬರನ್ನು ತಯಾರು ಮಾಡುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಪಿಚರ್‌ಗಳು ಅಭ್ಯಾಸ ಮಾಡುವ, ಯಾವ ಕ್ಯಾಮೆರಾವೂ ಇಲ್ಲದ ಬುಲ್‌ಪೆನ್‌ನಲ್ಲಿ, ಅಕ್ಟೋಬರ್, ನವೆಂಬರ್‌ನಲ್ಲಿ.

ಇದರ ಪಕ್ಕ 2025 ಇಟ್ಟು ನೋಡಿ. ಟೆಕ್ಸಸ್ ಟೆಕ್ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ ಬಂದಿತ್ತು. ಅವರ ಪಿಚರ್ ನೈಜರಿ ಕ್ಯಾನಡಿ, ಹತ್ತು ಲಕ್ಷ ಡಾಲರಿಗೂ ಮೇಲಿನ ಒಪ್ಪಂದಕ್ಕೆ ಸ್ಟ್ಯಾನ್‌ಫರ್ಡ್‌ನಿಂದ ಬಂದವರು. ಓಕ್ಲಹೋಮದ ಗೆಲುವಿನ ಓಟ ನಿಲ್ಲಿಸಿದ್ದು ಇದೇ ತಂಡ. ಟೂರ್ನಿಯಲ್ಲಿ ಫೈನಲ್‌ನ ಮೂರನೇ ಮ್ಯಾಚಿನ ತನಕ ಆ ತಂಡದ ಪ್ರತಿಯೊಂದು ಎಸೆತವೂ ಕ್ಯಾನಡಿ ಅವರದ್ದೇ. ಫೈನಲ್‌ನಲ್ಲಿ ಎದುರಾಳಿ ಬೇರೆ ಕಾಲೇಜು, ಟೆಕ್ಸಸ್ ಯೂನಿವರ್ಸಿಟಿ. ಮೂರನೇ ಮ್ಯಾಚಿನ ಮೊದಲ ಇನ್ನಿಂಗ್ಸ್‌ನಲ್ಲೇ ಟೆಕ್ಸಸ್ ಐದು ರನ್ ಹೊಡೆಯಿತು. ಕ್ಯಾನಡಿ ಅಲ್ಲಿಗೆ ಹೊರಗೆ ಹೋದರು. ಟೆಕ್ಸಸ್ 10-4ರಲ್ಲಿ ಗೆದ್ದಿತು. ಎದುರಾಳಿ ಬ್ಯಾಟರ್‌ಗಳು ಒಬ್ಬರೇ ಪಿಚರನ್ನು ಮೂರನೇ ಸಲ ನೋಡುತ್ತಿದ್ದರು. ಅದೂ ಬರೀ ಕೈ ದಣಿವಿನ ಮಾತಲ್ಲ, ಆ ಕೈಯಿಂದ ಚೆಂಡು ಹೇಗೆ ಬರುತ್ತದೆ ಅಂತ ಅವರಿಗೆ ಅಭ್ಯಾಸ ಆಗಿತ್ತು.

ಕ್ಯಾನಡಿಯಂಥ ಪಿಚರ್ ಇದ್ದಾಗ ಬೇರೆಯವರ ಕೈಗೆ ಚೆಂಡು ಕೊಡುವ ಧೈರ್ಯ ಯಾರಿಗಿರುತ್ತದೆ, ಅದು ನನಗೂ ಅರ್ಥ ಆಗುತ್ತದೆ. ಆದರೆ ಆ ತೀರ್ಮಾನ ಜೂನ್ ತಿಂಗಳಲ್ಲಿ ಆಗುವುದಲ್ಲ. ಎರಡನೇ ಪಿಚರ್‌ಗೆ ಫೆಬ್ರವರಿ, ಮಾರ್ಚ್‌ನಲ್ಲಿ ದೊಡ್ಡ ಮ್ಯಾಚ್ ಕೊಟ್ಟು ಬೆಳೆಸಿದ್ದರೆ ಮಾತ್ರ ಜೂನ್‌ನಲ್ಲಿ ಧೈರ್ಯ ಬರುತ್ತದೆ. ಒಂದೆರಡು ಮ್ಯಾಚ್ ಸೋಲುವುದಕ್ಕೂ ತಯಾರಿರಬೇಕು. ಗೆದ್ದೇ ತೀರಬೇಕು ಅನ್ನುವ ಹೆಡ್ ಕೋಚ್‌ಗೆ "ಇವತ್ತು ಸೋತರೂ ಪರವಾಗಿಲ್ಲ, ಈ ಹುಡುಗಿ ಆಡಲಿ" ಅಂತ ಪಿಚಿಂಗ್ ಕೋಚ್ ಹೇಳಬೇಕಾಗುತ್ತದೆ. ಹಾಗೆ ಹೇಳಬೇಕಾದರೆ ಅವರ ಕೆಲಸ ಭದ್ರವಾಗಿರಬೇಕು, ಅವರ ಮಾತಿಗೆ ತೂಕ ಇರಬೇಕು.

ಆ ತೂಕ ಎಲ್ಲಿಂದ ಬರುತ್ತದೆ? ಸಂಬಳದಿಂದಲೂ ಬರುತ್ತದೆ, ಮುಚ್ಚುಮರೆ ಯಾಕೆ. 2023ರ ತನಕ ಎನ್‌ಸಿಎಎ ನಿಯಮ ಹೇಗಿತ್ತು ಗೊತ್ತಾ? ಸಾಫ್ಟ್‌ಬಾಲ್‌ನಲ್ಲಿ ಹೆಡ್ ಕೋಚ್, ಸಂಬಳ ಇರುವ ಇಬ್ಬರು ಅಸಿಸ್ಟೆಂಟ್, ಮೂರನೆಯವರು "ವಾಲಂಟಿಯರ್". ಅಂದರೆ ಸಂಬಳ ಕೊಡಬಾರದು. ಕಾಲೇಜಿಗೆ ಕೊಡುವ ಮನಸ್ಸಿದ್ದರೂ ಕೊಡುವ ಹಾಗಿಲ್ಲ. ಆ ಕೋಚ್ ದಿನಾ ಪ್ರಾಕ್ಟೀಸ್‌ಗೆ ಬರುತ್ತಿದ್ದರು, ತಂಡದ ಜೊತೆ ಬಸ್ಸಿನಲ್ಲಿ ಓಡಾಡುತ್ತಿದ್ದರು, ರಾತ್ರಿ ಕೂತು ಎದುರಾಳಿಗಳ ವಿಡಿಯೋ ನೋಡುತ್ತಿದ್ದರು. ಹೊಟ್ಟೆಪಾಡಿಗೆ ಬೇಸಿಗೆ ಕ್ಯಾಂಪ್, ಮಕ್ಕಳಿಗೆ ಪ್ರೈವೇಟ್ ಪಾಠ. ಅದೇ ಕಾಲದಲ್ಲಿ ದೊಡ್ಡ ಹೆಡ್ ಕೋಚ್‌ಗಳ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟುತ್ತಿತ್ತು. 2023ರ ಜನವರಿಯಲ್ಲಿ ಈ ನಿಯಮ ತೆಗೆಯಲು ಮತ ಹಾಕಿದರು, ಜುಲೈ 1ರಿಂದ ಜಾರಿಗೆ ಬಂತು. ಹಳೆಯ ವಾಲಂಟಿಯರ್ ಕೋಚ್‌ಗಳು ಕೋರ್ಟಿಗೂ ಹೋದರು. ಹೋಗಿದ್ದು ಸರಿ.

ಈ ನಿಯಮ ಇನ್ನೊಂದು ಹಾನಿ ಮಾಡಿತ್ತು ಅನ್ನುವುದು ನನ್ನ ನಂಬಿಕೆ. 1972ರಲ್ಲಿ ಟೈಟಲ್ ನೈನ್ ಕಾನೂನು (ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವ ಕಾನೂನು) ಬಂದಾಗ ಕಾಲೇಜು ಹೆಣ್ಣುಮಕ್ಕಳ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ತಂಡಗಳಿಗೆ ಹೆಂಗಸರೇ ಕೋಚ್. 2014ರ ಹೊತ್ತಿಗೆ, ಎಲ್ಲ ಆಟ ಸೇರಿಸಿ, ಅದು ನೂರಕ್ಕೆ 43ರ ಆಸುಪಾಸಿಗೆ ಇಳಿದಿತ್ತು. ಇದಕ್ಕೆ ಕಾರಣ ಹಲವು. ಆದರೆ ಆಗಷ್ಟೇ ಆಟ ಮುಗಿಸಿದ ಇಪ್ಪತ್ತೆರಡರ ಹುಡುಗಿಗೆ ಕೋಚಿಂಗ್‌ನ ಮೊದಲ ಮೆಟ್ಟಿಲೇ ಸಂಬಳ ಇಲ್ಲದ ಕೆಲಸ ಆದರೆ, ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಅಲ್ಲಿ ನಿಲ್ಲುತ್ತಾರೆ, ಅಲ್ವಾ? ಎಷ್ಟು ಒಳ್ಳೆಯ ಕೋಚ್‌ಗಳು ಆ ಮೆಟ್ಟಿಲಲ್ಲೇ ವಾಪಸ್ ಹೋಗಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಉಳಿದುಕೊಂಡವರು ಏನು ಮಾಡಿದರು ಅನ್ನುವುದಕ್ಕೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿ ನೋಡಿ. ಶ್ಯಾರನ್ ಬ್ಯಾಕಸ್ ಅಲ್ಲಿ ಹೆಡ್ ಕೋಚ್ ಆಗಿದ್ದಾಗ ಸೂ ಎನ್‌ಕ್ವಿಸ್ಟ್ ಅವರ ಆಟಗಾರ್ತಿ. ಆಮೇಲೆ ಅವರದೇ ಅಸಿಸ್ಟೆಂಟ್, ಆಮೇಲೆ ಹೆಡ್ ಕೋಚ್. ಎನ್‌ಕ್ವಿಸ್ಟ್ ಕೈಕೆಳಗೆ ಬೆಳೆದ ಕ್ಯಾಚರ್ ಕೆಲ್ಲಿ ಇನೊಯೆ-ಪೆರೆಜ್, ಅವರೂ ಅಸಿಸ್ಟೆಂಟ್ ಆಗಿ, 2007ರಿಂದ ಹೆಡ್ ಕೋಚ್. 2010 ಮತ್ತು 2019ರಲ್ಲಿ ಕಪ್. ಮೂರು ಒಲಿಂಪಿಕ್ ಚಿನ್ನ ಗೆದ್ದ ಲೀಸಾ ಫರ್ನಾಂಡಿಸ್ ಬಹಳ ವರ್ಷಗಳಿಂದ ಅಲ್ಲೇ ಅಸಿಸ್ಟೆಂಟ್. ಆಟದ ಇತಿಹಾಸದಲ್ಲೇ ಅಷ್ಟು ದೊಡ್ಡ ಹೆಸರು, ಎರಡನೇ ಸಾಲಿನಲ್ಲಿ ನಿಂತು ಹುಡುಗಿಯರಿಗೆ ಕಲಿಸುತ್ತಿದ್ದಾರೆ. ಮೊದಲಲ್ಲಿ ಹೇಳಿದ ಟೇರಿನ್ ಮೊವಾಟ್ ಕೂಡ ಮುಂದೆ ಅದೇ ಅರಿಜೋನದಲ್ಲಿ ಪಿಚಿಂಗ್ ಕೋಚ್ ಆದರು. 1,035 ಎಸೆತ ಹಾಕಿದ ಭುಜಕ್ಕೆ ಏನು ಗೊತ್ತಿರುತ್ತದೋ ಅದು ಪುಸ್ತಕ ಓದಿದವರಿಗೆ ಗೊತ್ತಿರಲ್ಲ. ಇಂಥವರನ್ನು ಈ ಕೆಲಸದಲ್ಲಿ ಉಳಿಸಿಕೊಳ್ಳುವುದು ಕಾಲೇಜುಗಳ ಮೊದಲ ಜವಾಬ್ದಾರಿ.

ನಮ್ಮ ಕಡೆಯವರಿಗೆ ಇದು ದೂರದ ಮಾತು ಅನಿಸಬಹುದು. ಕುಮಟಾದ ರಾಘವೇಂದ್ರ ಅವರನ್ನು ನೆನಪು ಮಾಡಿಕೊಳ್ಳಿ. ಭಾರತ ಕ್ರಿಕೆಟ್ ತಂಡಕ್ಕೆ ಹತ್ತು ವರ್ಷಕ್ಕೂ ಮೇಲಿಂದ ಸೈಡ್‌ಆರ್ಮ್ (ಚೆಂಡನ್ನು ವೇಗವಾಗಿ ಎಸೆಯುವ ಉದ್ದ ಹಿಡಿಯ ಸಾಧನ) ಹಿಡಿದು ನೆಟ್ಸ್‌ನಲ್ಲಿ ಚೆಂಡು ಎಸೆದವರು. ವೇಗದ ಬೌಲಿಂಗ್ ಎದುರು ತಂಡ ಸುಧಾರಿಸಿದ್ದಕ್ಕೆ ರಘು ಕಾರಣ ಅಂತ ವಿರಾಟ್ ಕೊಹ್ಲಿ ಬಹಿರಂಗವಾಗಿ ಹೇಳಿದ್ದಾರೆ. ಕೊಹ್ಲಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಹೇಳದಿದ್ದರೆ?

ಸಾಫ್ಟ್‌ಬಾಲ್‌ಗೆ ನಾನು ಕೇಳುವುದು ಬಹಳ ಏನಿಲ್ಲ. ಮ್ಯಾಚ್ ತೋರಿಸುವಾಗ ಎಸೆತ ಹೇಳುತ್ತಿರುವ ಕೋಚ್ ಯಾರು ಅಂತ ಹೆಸರು ಹಾಕಿ. ಪ್ರತಿ ಪಿಚರ್ ಆ ವಾರ ಎಷ್ಟು ಎಸೆತ ಹಾಕಿದ್ದಾಳೆ ಅನ್ನುವ ಲೆಕ್ಕ ಪರದೆಯ ಮೇಲೆ ಇರಲಿ. ಹೆಡ್ ಕೋಚ್ ಒಪ್ಪಂದ ಹಲವು ವರ್ಷದ್ದಾದರೆ ಪಿಚಿಂಗ್ ಕೋಚ್‌ಗೂ ಹಾಗೇ ಮಾಡಿ. ಅವರ ಒಪ್ಪಂದದಲ್ಲೇ ಬರೆಯಿರಿ, ಪಿಚರ್‌ಗೆ ರೆಸ್ಟ್ ಬೇಕು ಅಂತ ಅವರೂ ಅಥ್ಲೆಟಿಕ್ ಟ್ರೈನರೂ ಹೇಳಿದರೆ ಹೆಡ್ ಕೋಚ್ ಅದನ್ನು ಮೀರುವ ಹಾಗಿಲ್ಲ ಅಂತ.

ಇನ್ನು ಅಮೆರಿಕದಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೆ. ನಿಮ್ಮ ಮಗಳು ಪಿಚರ್ ಆಗಿ, ಕಾಲೇಜು ನೋಡಲು ಹೋಗುತ್ತಿದ್ದರೆ, ಸ್ಟೇಡಿಯಂ ನೋಡಿ, ಲಾಕರ್ ರೂಮ್ ನೋಡಿ, ಹೆಡ್ ಕೋಚ್ ಜೊತೆ ಫೋಟೋನೂ ತೆಗೆಸಿಕೊಳ್ಳಿ. ಆಮೇಲೆ ಪಿಚಿಂಗ್ ಕೋಚ್ ಜೊತೆ ಅರ್ಧ ಗಂಟೆ ಬೇರೆಯಾಗಿ ಕೂತುಕೊಳ್ಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ? ಹೋದ ವರ್ಷ ನಿಮ್ಮ ಎರಡನೇ, ಮೂರನೇ ಪಿಚರ್ ಎಷ್ಟು ಇನ್ನಿಂಗ್ಸ್ ಹಾಕಿದರು? ಕೈ ನೋವು ಅಂತ ಹುಡುಗಿ ಬಂದು ಹೇಳಿದಾಗ ಮೊದಲು ಏನು ಮಾಡುತ್ತೀರಿ? ಈ ಮೂರನ್ನು ಕೇಳಿ. ಕೊನೆಯದಕ್ಕೆ ಉತ್ತರ ಕೊಡುವಾಗ ಅವರು ಬೇರೆ ಯಾರನ್ನಾದರೂ ಕೇಳಬೇಕು ಅಂದರೆ, ಪಟ್ಟಿಯಲ್ಲಿರುವ ಮುಂದಿನ ಕಾಲೇಜಿಗೆ ಹೋಗಿ.